ನಾಲ್ಕು ಸಾವಿರ ಅಡಿಯ ಮೇಲಿನ ಅರೇಬಿಕಾ ಕಾಫಿ: ಗಿರಿ ಕೊಟ್ಟ ಗುಣವನ್ನು ಕಣದಲ್ಲಿ ಉಳಿಸಿಕೊಳ್ಳುವುದು ಹೇಗೆ?

ಗಿರಿತಪ್ಪಲು:

ಎಲ್ಲರಿಗೂ ನಮಸ್ಕಾರ. ಬಾಬಾಬುಡನ್‌ಗಿರಿ ಸಾಲಿನ ಪೂರ್ವದ ಇಳಿಜಾರಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 4,200 ಅಡಿ ಎತ್ತರದಲ್ಲಿ ನಮ್ಮದೊಂದು ಚಿಕ್ಕ ಅರೇಬಿಕಾ ತೋಟವಿದೆ. ಹೆಚ್ಚಿನ ಗಿಡಗಳು ಎಸ್.795 ತಳಿಯವು, ಹಳ್ಳದ ಬದಿಯ ಒಂದು ಪಟ್ಟಿಯಲ್ಲಿ ಮಾತ್ರ ಸೆಲೆಕ್ಷನ್ 9 ತಳಿ ಇದೆ. ಮೇಲೆ ಅತ್ತಿ, ಬಸರಿ, ಹಲಸು ಮತ್ತು ಸಿಲ್ವರ್ ಓಕ್, ಕೆಳಗೆ ಹಾಲುವಾಣ. ತಂದೆಯವರು ಇಷ್ಟು ವರ್ಷವೂ ಹಣ್ಣನ್ನು ಪಲ್ಪ್ ಮಾಡಿ (ಯಂತ್ರದಲ್ಲಿ ಹೊರಸಿಪ್ಪೆ ತೆಗೆದು), ಸಿಮೆಂಟ್ ಕಣದಲ್ಲಿ ಒಣಗಿಸಿ, ಪಾರ್ಚ್‌ಮೆಂಟನ್ನು, ಅಂದರೆ ತೆಳು ಒಳಸಿಪ್ಪೆ ಇನ್ನೂ ಇರುವ ಬೀಜವನ್ನು, ಪೇಟೆಯ ವ್ಯಾಪಾರಿಗೆ ಕೊಡುತ್ತ ಬಂದಿದ್ದಾರೆ. ವ್ಯಾಪಾರಿಯು ಔಟ್‌ಟರ್ನ್ (ಸಿಪ್ಪೆ ತೆಗೆದ ಮೇಲೆ ಎಷ್ಟು ಬೀಜ ಸಿಗುತ್ತದೆಂಬುದು) ನೋಡುತ್ತಾರೆ, ತೇವಾಂಶ ನೋಡುತ್ತಾರೆ, ಐವತ್ತು ಕೆಜಿ ಚೀಲಕ್ಕೆ ಆ ದಿನದ ದರ ಹೇಳುತ್ತಾರೆ. ಕಾಫಿಯ ರುಚಿ ಹೇಗಿದೆ ಎಂದು ಇದುವರೆಗೆ ಯಾರೂ ಕೇಳಿಲ್ಲ.

ಬರುವ ಕೊಯ್ಲಿನಲ್ಲಿ ಒಂದು ಭಾಗವನ್ನು ಬೇರೆಯಾಗಿ ಸಂಸ್ಕರಿಸಿ ಸ್ಪೆಷಾಲಿಟಿ ಕಾಫಿಯಾಗಿ (ರುಚಿ ನೋಡಿ ಕೊಳ್ಳುವ ಮೇಲ್ದರ್ಜೆಯ ಕಾಫಿಯಾಗಿ) ಮಾರಬೇಕೆಂಬ ಆಸೆ ನನ್ನದು. ತಂದೆಯವರು ಅದಕ್ಕೆ ಅಡ್ಡಿ ಮಾಡುತ್ತಿಲ್ಲ, ಆದರೆ ಅದರ ಅಗತ್ಯ ಅವರಿಗೆ ಕಾಣುತ್ತಿಲ್ಲ. ಗಿರಿಯ ಕಾಫಿಗೆ ಗುಣ ಹುಟ್ಟಿನಿಂದಲೇ ಬಂದಿದೆ, 2019ರಲ್ಲಿ ಬಾಬಾಬುಡನ್‌ಗಿರಿ ಅರೇಬಿಕಾಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿರುವುದೇ ಅದಕ್ಕೆ ಸಾಕ್ಷಿ, ಇನ್ನು ನಾವು ಹೊಸದಾಗಿ ಮಾಡಬೇಕಾದದ್ದು ಏನು ಎಂದು ಕೇಳುತ್ತಾರೆ. ಅವರಿಗೆ ಸರಿಯಾದ ಉತ್ತರ ಕೊಡಲು ನನ್ನಿಂದ ಆಗಿಲ್ಲ. ಎಷ್ಟು ಹಣ್ಣನ್ನು ಬೇರೆ ಇಡಬೇಕು, ತೊಳೆದ ಪಾರ್ಚ್‌ಮೆಂಟ್ ಮಾಡುವುದು ಒಳ್ಳೆಯದೋ ಹಣ್ಣನ್ನು ಇಡಿಯಾಗಿ ಒಣಗಿಸುವ ನ್ಯಾಚುರಲ್ ಒಳ್ಳೆಯದೋ, ಸಂಜೆ ನಾಲ್ಕಕ್ಕೆಲ್ಲ ಮಂಜು ಇಳಿಯುವ ಜಾಗದಲ್ಲಿ ಒಣಗಿಸುವುದು ಹೇಗೆ, ಈ ಮೂರನ್ನು ತಿಳಿದವರು ವಿವರವಾಗಿ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ.

ಪಲ್ಪರ್‌ಮನೆ:

ಗಿರಿತಪ್ಪಲು ಅವರೇ, ನಿಮ್ಮ ತಂದೆಯವರ ಮಾತಿನಲ್ಲಿ ಸತ್ಯವಿದೆ, ಮೊದಲು ಅದನ್ನೇ ಹೇಳುತ್ತೇನೆ. ನೂರು ಮೀಟರ್ ಮೇಲೇರಿದಂತೆಲ್ಲ ಹವೆಯ ಉಷ್ಣಾಂಶ ಸುಮಾರು 0.6 ಡಿಗ್ರಿಯಷ್ಟು ಇಳಿಯುತ್ತದೆ. ಒಂದೇ ಹೂಮಳೆಗೆ ಹೂಬಿಟ್ಟ ಎರಡು ಗಿಡಗಳಲ್ಲಿ, ಮೂರು ಸಾವಿರ ಅಡಿಯಲ್ಲಿರುವುದರ ಹಣ್ಣು ನವೆಂಬರ್‌ನಲ್ಲಿ ಕೆಂಪಾದರೆ ನಿಮ್ಮ ಎತ್ತರದ ಗಿಡದ ಹಣ್ಣು ಹೊಸ ವರ್ಷದವರೆಗೂ ಕಾಯಿಸುತ್ತದೆ. ಆ ಹೆಚ್ಚಿನ ವಾರಗಳಲ್ಲಿ ಬೀಜ ನಿಧಾನವಾಗಿ ತುಂಬಿಕೊಳ್ಳುತ್ತದೆ, ಗಟ್ಟಿಯಾಗುತ್ತದೆ. ಹುರಿದಾಗ ಸಿಹಿಯಾಗಿಯೂ ಹಿತವಾದ ಹುಳಿಯಾಗಿಯೂ ಲೋಟಕ್ಕೆ ಬರುವ ಅಂಶಗಳೆಲ್ಲ ಅದರಲ್ಲಿ ಸೇರಿಕೊಳ್ಳುತ್ತವೆ. ಎರಡು ಹಂತದ ನೆರಳು ಕೂಡ ಇದೇ ಕೆಲಸವನ್ನು ಮಾಡುತ್ತದೆ. ಹೀಗಾಗಿ ನಿಮ್ಮ ತೋಟದ ಅತ್ತಿ, ಬಸರಿಗಳನ್ನು ಎತ್ತರದ ಇನ್ನೊಂದು ಭಾಗವೆಂದೇ ಎಣಿಸಬಹುದು.

ಇಥಿಯೋಪಿಯಾದ ಕಾಫಿಯ ಪೊಟ್ಟಣದ ಮೇಲೆ 2,000 ಮೀಟರ್ ಎಂದು ಓದಿ ನಮ್ಮ 1,300 ಮೀಟರನ್ನು ಕೀಳಾಗಿ ನೋಡುವ ರೂಢಿ ಈಚೆಗೆ ಹುಡುಗರಲ್ಲಿ ಬೆಳೆಯುತ್ತಿದೆ. ಅದು ಸರಿಯಲ್ಲ. ಸಮಭಾಜಕ ವೃತ್ತದಿಂದ ದೂರ ಹೋದಂತೆ ಅದೇ ತಂಪು ಕಡಿಮೆ ಎತ್ತರದಲ್ಲೇ ಸಿಗುತ್ತದೆ. ನಾವಿರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸಮಭಾಜಕ ವೃತ್ತವೇ ಹಾದುಹೋಗುವ ಕೆನ್ಯಾದ ಲೆಕ್ಕವನ್ನು ಇಲ್ಲಿಗೆ ಹಾಗೆಯೇ ತಂದು ಕೂರಿಸಲಾಗದು. ಇನ್ನು, ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯೇ 1,930 ಮೀಟರಿಗೆ ನಿಲ್ಲುವಾಗ, ಅದರ ಇಳಿಜಾರಿನಲ್ಲಿ ತೋಟ ಮಾಡಿದವರನ್ನು 2,000 ಮೀಟರ್ ಏಕಿಲ್ಲವೆಂದು ಕೇಳುವುದರಲ್ಲಿ ಅರ್ಥವಿಲ್ಲ.

ಈಗ ನಿಮ್ಮ ತಂದೆಯವರು ಗಮನಿಸದ ಭಾಗಕ್ಕೆ ಬರುತ್ತೇನೆ. ಈ ಗುಣವೆಲ್ಲ ಹಣ್ಣು ಗಿಡದಲ್ಲಿರುವಾಗ ಬಂದದ್ದು. ಕೊಯ್ದ ಗಳಿಗೆಯಿಂದ ಅದು ಕಡಿಮೆಯಾಗಬಲ್ಲದೇ ಹೊರತು ಹೆಚ್ಚುವುದಿಲ್ಲ. ದೋರುಗಾಯಿಯನ್ನು ಹಣ್ಣಿನ ಜೊತೆ ಬೆರೆಸಿದರೆ ಒಂದಿಷ್ಟು ಹೋಗುತ್ತದೆ, ಕೊಯ್ದ ಹಣ್ಣು ರಾತ್ರಿಯಿಡೀ ಚೀಲದಲ್ಲಿ ಬಿಸಿಯೇರಿದರೆ ಇನ್ನಷ್ಟು ಹೋಗುತ್ತದೆ, ಕಣದಲ್ಲಿ ಮಂಜು ತಾಗಿ ಮತ್ತೆ ಒದ್ದೆಯಾದರೆ ಉಳಿದದ್ದೂ ಹೋಗುತ್ತದೆ. ಜಿಐ ಮಾನ್ಯತೆಯು ಕಾಫಿ ಯಾವ ನೆಲದಿಂದ ಬಂತೆಂದು ಹೇಳುತ್ತದೆ, ಆ ವರ್ಷದ ಕಣದಲ್ಲಿ ಏನಾಯಿತೆಂದು ಹೇಳುವುದಿಲ್ಲ.

ತಂದೆಯವರ ಮೇಲೆ ಇದಕ್ಕಾಗಿ ಬೇಸರ ಪಡಬೇಡಿ. 1940ರ ದಶಕದಿಂದ ತೊಂಬತ್ತರ ದಶಕದವರೆಗೆ ನಮ್ಮ ಕಾಫಿಯೆಲ್ಲ ಕಾಫಿ ಮಂಡಳಿಯ ಪೂಲ್‌ಗೆ (ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಾರುವ ವ್ಯವಸ್ಥೆಗೆ) ಹೋಗುತ್ತಿತ್ತು. ಅಲ್ಲಿ ಸೇರಿದ ಮೇಲೆ ತನ್ನ ತೋಟದ ಕಾಫಿ ಯಾರ ಲೋಟ ತಲುಪಿತೆಂದು ಬೆಳೆಗಾರನಿಗೆ ತಿಳಿಯುವ ದಾರಿಯೇ ಇರಲಿಲ್ಲ. 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು. ಅದಕ್ಕೂ ಮೊದಲು ತೋಟ ನಡೆಸಿದ ತಲೆಮಾರು ರುಚಿ ನೋಡುವುದನ್ನು ತನ್ನ ಕೆಲಸವೆಂದು ಭಾವಿಸದಿದ್ದರೆ ಅದು ಅವರ ಉದಾಸೀನವಲ್ಲ, ವ್ಯವಸ್ಥೆಯೇ ಹಾಗಿತ್ತು.

ನೀವು ಮೊದಲು ಮಾಡಬೇಕಾದದ್ದು ಸೆಲೆಕ್ಷನ್ 9ರ ಪಟ್ಟಿಯನ್ನು ಬೇರೆ ಮಾಡುವುದು. ಇಥಿಯೋಪಿಯಾ ಮೂಲದ ಟಫಾರಿಕೇಲಾ ಮತ್ತು ಹಿಬ್ರಿಡೋ ಡಿ ಟಿಮೋರ್ ತಳಿಗಳ ಸಂಕರದಿಂದ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ರೂಪಿಸಿದ ತಳಿ ಅದು. 2002ರಲ್ಲಿ ಕಾಫಿ ಮಂಡಳಿ ನಡೆಸಿದ ಕಪ್ಪಿಂಗ್ (ರುಚಿ ನೋಡಿ ಅಂಕ ಕೊಡುವ) ಸ್ಪರ್ಧೆಯಲ್ಲಿ ಅರೇಬಿಕಾ ವಿಭಾಗದ ಪ್ರಶಸ್ತಿ ಪಡೆದದ್ದು ಕೂಡ ಅದೇ. ಎಸ್.795 ಜೊತೆ ಕಲಸಿದರೆ ಎರಡರ ಸ್ವಭಾವವೂ ನಿಮಗೆ ತಿಳಿಯದೆ ಹೋಗುತ್ತದೆ.

ಕಳಸದ ಬೆಳೆಗಾರ:

ಪಲ್ಪರ್‌ಮನೆಯವರು ಹೇಳಿದ್ದು ಓದಲು ಚೆನ್ನಾಗಿದೆ, ಆದರೆ ಕೂಲಿಯ ಮಾತನ್ನು ಯಾರೂ ಎತ್ತಲಿಲ್ಲ. ನಮ್ಮ ಕಡೆ ಕೊಯ್ಲು ನಡೆಯುವುದು ಕೆಜಿ ಲೆಕ್ಕದಲ್ಲಿ. ಸಂಜೆ ತೂಕದ ಹೊತ್ತಿಗೆ ಬುಟ್ಟಿ ತುಂಬಿರಬೇಕೆಂದು ಆಳುಗಳು ರೆಕ್ಕೆಯನ್ನು (ಹಣ್ಣಿರುವ ಕೊಂಬೆಯನ್ನು) ಹಿಡಿದು ಎಳೆಯುತ್ತಾರೆ. ಕಾಯಿ, ದೋರುಗಾಯಿ, ಹಣ್ಣು ಎಲ್ಲವೂ ಒಟ್ಟಿಗೆ ಬರುತ್ತವೆ. ಕೆಂಪು ಹಣ್ಣನ್ನು ಮಾತ್ರ ಕೊಯ್ಯಿರೆಂದರೆ ಮಾರನೆಯ ದಿನ ಅವರು ಪಕ್ಕದ ತೋಟದಲ್ಲಿರುತ್ತಾರೆ, ಅವರನ್ನು ದೂರುವಂತೆಯೂ ಇಲ್ಲ. ಜೊತೆಗೆ ಬೋರರ್ (ಕಾಂಡ ಕೊರೆಯುವ ಹುಳು) ಕಾಟದಿಂದ ಪ್ರತಿ ವರ್ಷ ಅರೇಬಿಕಾ ಗಿಡಗಳನ್ನು ಕಿತ್ತು ಸುಡುತ್ತಿದ್ದೇವೆ. 2024ರಲ್ಲಿ ರೊಬಸ್ಟಾ ಬೆಲೆ ಹಿಂದೆಂದೂ ಇಲ್ಲದಷ್ಟು ಏರಿದಾಗ ನಮ್ಮ ಸುತ್ತಮುತ್ತ ಕೆಳಗಿನ ತಾಕುಗಳ ಅರೇಬಿಕಾ ತೆಗೆದು ರೊಬಸ್ಟಾ ಹಾಕಿದವರು ಅನೇಕರು. ಇಂಥ ಸಮಯದಲ್ಲಿ ಒಂದೊಂದೇ ಹಣ್ಣು ಆರಿಸಿ ಕೊಯ್ಯಿರೆಂಬ ಸಲಹೆ ಸಣ್ಣ ಬೆಳೆಗಾರನಿಗೆ ನಿಲುಕುವಂಥದ್ದೇ?

ಪಲ್ಪರ್‌ಮನೆ:

ಇಡೀ ತೋಟಕ್ಕೆ ನಿಲುಕುವುದಿಲ್ಲ, ಹಾಗೆ ಮಾಡಿರೆಂದು ನಾನು ಹೇಳುವುದೂ ಇಲ್ಲ. ಸುಮಾರು ಆರು ಕೆಜಿ ಅರೇಬಿಕಾ ಹಣ್ಣಿಗೆ ಒಂದು ಕೆಜಿ ಹಸಿರು ಬೀಜ ಸಿಗುತ್ತದೆ. ಮೊದಲ ವರ್ಷ ನೂರು ಕೆಜಿ ಒಳ್ಳೆಯ ಬೀಜ ಕೈಗೆ ಬಂದರೆ ಸಾಕು. ಅದಕ್ಕೆ ಬೇಕಾದದ್ದು ಆರುನೂರು ಕೆಜಿ ಚೊಕ್ಕ ಹಣ್ಣು. ಅಷ್ಟನ್ನು ಕೊಯ್ಯುವ ದಿನ ಕೆಜಿ ಲೆಕ್ಕ ಬಿಟ್ಟು ದಿನಗೂಲಿ ಕೊಡಿ, ಕೈ ಹದವಿರುವ ಕೆಲವೇ ಜನರನ್ನು ಕರೆಯಿರಿ, ಅವರ ಆ ದಿನದ ಸಂಪಾದನೆ ಕೆಜಿ ಲೆಕ್ಕದವರಿಗಿಂತ ಸ್ವಲ್ಪವಾದರೂ ಹೆಚ್ಚಿರಲಿ. ಹಾಗೆ ಹೆಚ್ಚು ಕೊಡದೆ ಬಾಯಿಮಾತಿನಲ್ಲಿ ಕೆಂಪು ಹಣ್ಣು ಕೇಳುವುದು ನ್ಯಾಯವೂ ಅಲ್ಲ, ಅದರಿಂದ ಕೆಲಸವೂ ಆಗುವುದಿಲ್ಲ.

ಮೇಸ್ತ್ರಿಗೆ ತೋರಿಸಿಕೊಡಬೇಕಾದ ವಿಷಯ ಒಂದೇ: ಹಣ್ಣು ತೊಟ್ಟಿನ ಬುಡದವರೆಗೂ ಕೆಂಪಾಗಿರಬೇಕು, ಎರಡು ಬೆರಳಲ್ಲಿ ಒತ್ತಿದರೆ ಬೀಜ ಸಲೀಸಾಗಿ ಜಾರಬೇಕು. ತೊಟ್ಟಿನ ಬಳಿ ಹಸಿರು ಉಂಗುರ ಉಳಿದಿದ್ದರೆ ಅದು ಇನ್ನೂ ಹಣ್ಣಾಗಿಲ್ಲ. ಫ್ಲೈ ಪಿಕಿಂಗ್‌ನ, ಅಂದರೆ ಮುಖ್ಯ ಕೊಯ್ಲಿಗೆ ಮುಂಚೆ ಬಿಡಿಬಿಡಿಯಾಗಿ ಆಯ್ದ, ಹಣ್ಣು ಬೇಡ. ಬೇಗ ಕೆಂಪಾದದ್ದರಲ್ಲಿ ಬಿಸಿಲಿಗೆ ಸುಟ್ಟದ್ದು, ಬೋರರ್ ತಗುಲಿ ಸೊರಗಿದ ಗಿಡದ್ದು ಹೆಚ್ಚಿರುತ್ತದೆ. ಮುಖ್ಯ ಕೊಯ್ಲಿನ ನಡುಭಾಗದ ಹಣ್ಣೇ ಒಳ್ಳೆಯದು. ಮನೆಗೆ ತಂದ ಕೂಡಲೇ ನೀರಿನ ತೊಟ್ಟಿಗೆ ಸುರಿದು ತೇಲಿದ್ದನ್ನೆಲ್ಲ ಬಲೆಯಿಂದ ತೆಗೆದುಬಿಡಿ. ತೆಗೆದದ್ದು ವ್ಯರ್ಥವಲ್ಲ, ಒಣಗಿಸಿ ಮಾಮೂಲಿ ಚೆರಿ ಕಾಫಿಗೆ (ಇಡಿಯಾಗಿ ಒಣಗಿಸಿದ ಹಣ್ಣಿಗೆ) ಸೇರಿಸಬಹುದು.

ಸೋಮವಾರಪೇಟೆ ಬೆಳೆಗಾರ್ತಿ:

ನಮ್ಮ ತೋಟವೂ ಎತ್ತರದ್ದೇ, ಪುಷ್ಪಗಿರಿಯ ಕಡೆಗೆ. ಎಲ್ಲರೂ ಕೊಯ್ಲು ಮತ್ತು ಕಣದ ಬಗ್ಗೆ ಬರೆಯುತ್ತಾರೆ, ಇವೆರಡರ ನಡುವಿನ ಒಂದು ರಾತ್ರಿಯನ್ನು ಮರೆಯುತ್ತಾರೆ ಎಂದು ನನಗೆ ಅನ್ನಿಸುತ್ತದೆ. ನಾನು ತೊಳೆದ ಕಾಫಿಯನ್ನೇ ಮಾಡುವವಳು, ಆದ್ದರಿಂದ ಅದರ ಬಗ್ಗೆ ಬರೆಯುತ್ತೇನೆ.

ಪಲ್ಪರಿನಿಂದಲೇ ಆರಂಭಿಸಿ. ಕೆಲಸ ಶುರುವಾಗುವ ಮೊದಲು ಅದನ್ನು ಬಿಚ್ಚಿ ತೊಳೆಯಿರಿ. ಹಿಂದಿನ ದಿನದ ನಾಲ್ಕು ಬೀಜ ತಗಡಿನ ಸಂದಿಯಲ್ಲಿ ಉಳಿದಿದ್ದರೆ ಅವು ರಾತ್ರಿಯಲ್ಲೇ ಕೊಳೆತು, ಬೆಳಗ್ಗೆ ಹೊಸ ಬೀಜದ ಜೊತೆ ತೊಟ್ಟಿಗೆ ಹೋಗುತ್ತವೆ. ಒಣಗಿದ ಮೇಲೆ ಕಣ್ಣಿಗೆ ಅವು ಬೇರೆಯಾಗಿ ಕಾಣುವುದಿಲ್ಲ, ಹುರಿದು ಪುಡಿ ಮಾಡಿದಾಗ ನಾತ ಹೊಡೆಯುತ್ತವೆ. ಅಂಥ ಒಂದೇ ಬೀಜ ಇಡೀ ಬಟ್ಟಲನ್ನು ಕೆಡಿಸುತ್ತದೆ. ಎಸ್.795 ಮತ್ತು ಸೆಲೆಕ್ಷನ್ 9ರ ಹಣ್ಣಿನ ಗಾತ್ರ ಒಂದೇ ಆಗಿರುವುದಿಲ್ಲ, ಹಾಗಾಗಿ ತಳಿ ಬದಲಾದಾಗ ಪಲ್ಪರಿನ ಅಂತರವನ್ನೂ ಹೊಂದಿಸಬೇಕು. ಮೊದಲ ಬುಟ್ಟಿ ಹಣ್ಣು ಹಾಕಿ, ಹೊರಬಂದ ಬೀಜವನ್ನು ಅಂಗೈಯಲ್ಲಿ ಹಿಡಿದು ನೋಡಿ. ಪಾರ್ಚ್‌ಮೆಂಟ್ ಸಿಪ್ಪೆ ಕಿತ್ತು ಒಳಗಿನ ಬೀಜಕ್ಕೆ ಹಲ್ಲಿನ ಗುರುತು ಬಿದ್ದಿದ್ದರೆ ಯಂತ್ರ ನಿಲ್ಲಿಸಿ ಸರಿಮಾಡಿ. ಕಚ್ಚಿದ ಬೀಜದ ಗಾಯದಿಂದಲೇ ಹುಳಿ ಒಳಗಿಳಿಯುತ್ತದೆ.

ಇನ್ನು, ಬೀಜಕ್ಕಂಟಿದ ಲೋಳೆ ಕರಗಲೆಂದು ತೊಟ್ಟಿಯಲ್ಲಿ ಹುಳಿಯಿಸುವುದು. ಪುಸ್ತಕದಲ್ಲಿ ಅರೇಬಿಕಾಕ್ಕೆ 24ರಿಂದ 36 ಗಂಟೆ ಎಂದಿರುತ್ತದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ನಮ್ಮ ಎತ್ತರದಲ್ಲಿ ಚಳಿ ಹದಿನೈದು ಡಿಗ್ರಿಗಿಂತ ಕೆಳಗಿಳಿದಾಗ ಲೋಳೆ ಕರಗಿಸುವ ಸೂಕ್ಷ್ಮಜೀವಿಗಳ ಕೆಲಸವೂ ನಿಧಾನವಾಗುತ್ತದೆ. 36 ಗಂಟೆ ಕಳೆದರೂ ಬೀಜ ಜಾರುತ್ತಲೇ ಇರಬಹುದು. ಬಿಸಿಲಿನ ದಿನಗಳು ಒಟ್ಟಿಗೆ ಬಂದರೆ ಅದೇ ತೊಟ್ಟಿ ಬಹಳ ಮುಂಚೆಯೇ ಹದಕ್ಕೆ ಬರುತ್ತದೆ. ಆದ್ದರಿಂದ ಗಡಿಯಾರವನ್ನು ನಂಬಬೇಡಿ. ಒಂದು ಹಿಡಿ ಬೀಜ ತೆಗೆದು ನೀರಿನಲ್ಲಿ ಉಜ್ಜಿ, ಜಾರುವುದು ನಿಂತು ಸಣ್ಣ ಜಲ್ಲಿಯಂತೆ ಗರಗರ ಎಂದರೆ ಹದ ಬಂದಿದೆ. ಕೋಲೊಂದನ್ನು ರಾಶಿಯೊಳಗೆ ಚುಚ್ಚಿ ಎಳೆದಾಗ ಆ ತೂತು ಮುಚ್ಚಿಕೊಳ್ಳದೆ ನಿಂತರೆ ಅದೂ ಗುರುತೇ. ಹುಳಿ ಅಳೆಯುವ ಪಿಎಚ್ ಮಾಪಕ ಇಟ್ಟುಕೊಂಡರೆ ಇನ್ನೂ ಒಳ್ಳೆಯದು, 4.5ರ ಸುತ್ತ ಬಂದಾಗ ಎಚ್ಚರವಾಗಿರಿ, ಅದಕ್ಕಿಂತ ಬಹಳ ಕೆಳಗೆ ಇಳಿಯಲು ಬಿಡಬೇಡಿ. ಹದಕ್ಕೆ ಬಂದದ್ದು ರಾತ್ರಿ ಎರಡು ಗಂಟೆಗೆ ಆದರೂ ಆಗಲೇ ತೊಳೆಯಬೇಕು, ಬೆಳಗಾಗಲಿ ಎಂದು ಬಿಡುವಂತಿಲ್ಲ. ನಿನ್ನೆಯ ತೊಟ್ಟಿಗೆ ಇವತ್ತಿನ ಬೀಜವನ್ನು ಯಾವ ಕಾರಣಕ್ಕೂ ಸೇರಿಸಬೇಡಿ.

ತೊಳೆದ ಬೀಜವನ್ನು ಒಂದು ರಾತ್ರಿ ಶುದ್ಧ ನೀರಿನಲ್ಲಿ ಮುಳುಗಿಸಿಡುವುದು ನಮ್ಮಲ್ಲಿ ಹಳೆಯ ಪದ್ಧತಿ. ಕಾಫಿಗೆ ನಿರ್ಮಲ ರುಚಿ ಬರುವುದರಲ್ಲಿ ಅದರ ಪಾಲೂ ಇದೆ ಎಂಬುದು ನನ್ನ ನಂಬಿಕೆ.

ಹುರಿಮನೆ, ಬೆಂಗಳೂರು:

ನಾನು ಕಾಫಿ ಹುರಿದು ಮಾರುವವನು. ಕೊಳ್ಳುವವರ ಕಡೆಯಿಂದ ಕೆಲವು ಮಾತು. ಸ್ಪೆಷಾಲಿಟಿ ಎಂಬುದು ಅಲಂಕಾರದ ಹೆಸರಲ್ಲ, ಅದಕ್ಕೆ ಅಳತೆ ಇದೆ. ಹಲವು ವರ್ಷಗಳಿಂದ ನಡೆದುಬಂದಿರುವ ಅಳತೆಯ ಪ್ರಕಾರ 350 ಗ್ರಾಂ ಹಸಿರು ಬೀಜದ ಮಾದರಿಯಲ್ಲಿ ಪೂರ್ತಿ ಕಪ್ಪಾದ ಬೀಜ, ಹುಳಿತ ಬೀಜಗಳಂಥ ದೊಡ್ಡ ದೋಷ ಒಂದೂ ಇರಬಾರದು, ಸಣ್ಣ ದೋಷಗಳು ಐದನ್ನು ಮೀರಬಾರದು, ಕಪ್ಪಿಂಗ್‌ನಲ್ಲಿ ನೂರಕ್ಕೆ ಎಂಬತ್ತು ಅಂಕವಾದರೂ ಬರಬೇಕು. ಬೆಳೆಗಾರರು ಕಳಿಸುವ ಮಾದರಿಗಳಲ್ಲಿ ಎತ್ತರದ ತೋಟದ್ದೆಂದು ಹೇಳಿದವು ಬೀಜ ನೋಡಲು ಸುಂದರವಾಗಿದ್ದರೂ ಲೋಟದಲ್ಲಿ ಸೋಲುವುದನ್ನು ಪ್ರತಿ ವರ್ಷ ಕಾಣುತ್ತೇನೆ. ಹುರಿದ ಬೀಜದ ನಡುವೆ ಕಡಲೆಯ ಬಣ್ಣಕ್ಕೇ ನಿಂತುಬಿಟ್ಟ ತಿಳಿ ಬೀಜಗಳು ಕಂಡರೆ ದೋರುಗಾಯಿ ಬೆರೆತಿದೆ ಎಂದು ಅರ್ಥ. ಹಳೆಯ ಗೋಣಿಯ ವಾಸನೆ ಬಂದರೆ ಒಣಗುವಾಗ ಮತ್ತೆ ತೇವ ತಾಗಿದೆ. ಎರಡೂ ದೋಷಗಳು ತೋಟದಲ್ಲೇ ತಡೆಯಬಹುದಾದವು. ನೋಡುವಾಗ ಬೇಸರವಾಗುತ್ತದೆ, ಏಕೆಂದರೆ ಆ ದೋಷದ ಹಿಂದೆ ಒಳ್ಳೆಯ ಕಾಫಿಯೊಂದು ಇದ್ದದ್ದು ನಾಲಗೆಗೆ ತಿಳಿಯುತ್ತಿರುತ್ತದೆ.

ಆದರೆ ಕೊಯ್ದ ಮೇಲೆ ಗುಣ ಹೆಚ್ಚುವುದಿಲ್ಲ ಎಂಬ ಪಲ್ಪರ್‌ಮನೆಯವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಹಣ್ಣನ್ನು ಗಾಳಿಯಾಡದ ಡ್ರಮ್ಮಿನಲ್ಲಿ ಹುಳಿಸುವ ಅನಾರೋಬಿಕ್ ಪದ್ಧತಿಯಿಂದಲೂ, ಆಯ್ದ ಯೀಸ್ಟ್ ಸೇರಿಸುವುದರಿಂದಲೂ ಹಣ್ಣಿನ, ವೈನಿನ ಪರಿಮಳಗಳು ಬರುತ್ತವೆ. ಅದಕ್ಕೆಂದೇ ಹೆಚ್ಚು ಬೆಲೆ ಕೊಡುವ ಗಿರಾಕಿಗಳು ನಮ್ಮಲ್ಲಿದ್ದಾರೆ. ಗಿರಿತಪ್ಪಲು ಅವರು ಅದನ್ನೂ ಪ್ರಯತ್ನಿಸಬಹುದು.

ಪಲ್ಪರ್‌ಮನೆ:

ಹುರಿಮನೆಯವರೇ, ಹೊಸ ಪರಿಮಳ ಬರುವುದು ನಿಜ. ಆದರೆ ಅದು ಡ್ರಮ್ಮಿನ ಗುಣ. ಮೂರು ಸಾವಿರ ಅಡಿಯ ಹಣ್ಣನ್ನೂ ನಾಲ್ಕು ಸಾವಿರದ ಇನ್ನೂರು ಅಡಿಯ ಹಣ್ಣನ್ನೂ ಒಂದೇ ರೀತಿ ಹುಳಿಸಿ ಬಟ್ಟಲಿಗೆ ಹಾಕಿದಾಗ ಯಾವುದು ಎಲ್ಲಿಯದೆಂದು ಗುರುತಿಸುವುದು ಕಷ್ಟವಾಗುತ್ತದೆ. ತನ್ನ ತೋಟದ ಕಾಫಿಯನ್ನು ಇದುವರೆಗೆ ಸರಿಯಾಗಿ ಸವಿದೇ ನೋಡದವರು ಮೊದಲ ವರ್ಷವೇ ಅದರ ಮೇಲೆ ಇನ್ನೊಂದು ರುಚಿಯನ್ನು ಹೊದಿಸಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮೊದಲ ಲಾಟನ್ನು ಸಾದಾ ತೊಳೆದ ಪಾರ್ಚ್‌ಮೆಂಟಾಗಿಯೇ ಮಾಡಿ. ನೆಲ, ನೆರಳು, ತಳಿ ಏನನ್ನು ಕೊಟ್ಟಿವೆ ಎಂಬುದು ಅದರಲ್ಲಿ ಮುಚ್ಚುಮರೆಯಿಲ್ಲದೆ ಕಾಣುತ್ತದೆ. ಡ್ರಮ್ಮನ್ನು ಎರಡು ವರ್ಷ ಬಿಟ್ಟು ತಂದರೂ ನಷ್ಟವಿಲ್ಲ.

ಬಿಳಿಗಿರಿ:

ನ್ಯಾಚುರಲ್ ಬಗ್ಗೆ ಯಾರೂ ಬರೆಯದ ಕಾರಣ ನಾನು ಬರೆಯುತ್ತೇನೆ. ನಮ್ಮದು ಬಿಳಿಗಿರಿರಂಗನ ಬೆಟ್ಟ. ಇಲ್ಲಿ ಸೋಲಿಗರು ತಮ್ಮ ಪೋಡುಗಳ (ಹಾಡಿಗಳ) ಸುತ್ತ ಕಾಡುಮರಗಳ ನೆರಳಿನಲ್ಲೇ ಅರೇಬಿಕಾ ಬೆಳೆಯುತ್ತಾರೆ. ಮನೆಮನೆಗೂ ಪಲ್ಪರ್ ಇಲ್ಲ, ಬೇಸಿಗೆಯ ಹೊತ್ತಿಗೆ ನೀರೂ ಸಾಲದು. ಇಂಥ ಕಡೆ ಹಣ್ಣನ್ನು ಇಡಿಯಾಗಿ ಒಣಗಿಸುವುದೇ ಸಹಜವಾದ ದಾರಿ, ಅಚ್ಚುಕಟ್ಟಾಗಿ ಮಾಡಿದರೆ ಬಹಳ ಸಿಹಿಯಾದ ಕಾಫಿ ಸಿಗುತ್ತದೆ. ಆದರೆ ಬೆಟ್ಟದ ಪೂರ್ವಕ್ಕಿರುವ ನಮ್ಮ ಒಣಹವೆಯೂ ಗಿರಿಯ ಮಂಜೂ ಒಂದೇ ಅಲ್ಲ. ಪಾರ್ಚ್‌ಮೆಂಟ್ ಒಣಗಲು ವಾರದಿಂದ ಹತ್ತು ದಿನ ಸಾಕಾದರೆ ಇಡೀ ಹಣ್ಣಿಗೆ ಮೂರು ವಾರವಾದರೂ ಬೇಕು. ಮೂರು ವಾರ ನಿರಂತರ ಬಿಸಿಲಿನ ಭರವಸೆ ಇಲ್ಲದವರು ನ್ಯಾಚುರಲ್‌ಗೆ ಕೈಹಾಕುವುದು ಅಪಾಯ. 2024ರ ಡಿಸೆಂಬರ್ ಮೊದಲ ವಾರದಲ್ಲಿ ಫೆಂಗಲ್ ಚಂಡಮಾರುತದ ಮಳೆ ಕಾಫಿ ಸೀಮೆಗೆ ಬಂದಾಗ ಕಣದಲ್ಲಿ ಹಣ್ಣು ಹರವಿದ್ದವರ ಪಾಡನ್ನು ನಾವೆಲ್ಲ ನೋಡಿದ್ದೇವೆ.

ಯಾವ ಪದ್ಧತಿಯಾದರೂ ಸರಿ, ಎತ್ತರದಲ್ಲಿ ಸಿಮೆಂಟ್ ಕಣಕ್ಕಿಂತ ಸೊಂಟದೆತ್ತರದ ಬಲೆಯ ಮಂಚ ಮೇಲು. ಅಡಿಯಿಂದಲೂ ಗಾಳಿಯಾಡುತ್ತದೆ, ನೆಲದ ಶೀತ ತಾಗುವುದಿಲ್ಲ, ನಿಂತುಕೊಂಡೇ ಕೆಟ್ಟ ಬೀಜ ಆರಿಸಬಹುದು. ತೊಳೆದ ಬೀಜವನ್ನು ಮೊದಲ ಒಂದೆರಡು ದಿನ ತೆಳುವಾಗಿ ಹರಡಿ ನಡುಹಗಲಿನ ಬಿಸಿಲಿನಿಂದ ಮರೆಮಾಡಿ, ಇಲ್ಲದಿದ್ದರೆ ಪಾರ್ಚ್‌ಮೆಂಟ್ ಬಿರಿದು ಬೀಜ ಹೊರಗೆ ಕಾಣುತ್ತದೆ. ಹೊದಿಕೆಯ ವಿಷಯದಲ್ಲಿ ಬಹಳ ಜನ ಎಡವುತ್ತಾರೆ: ಮಧ್ಯಾಹ್ನದ ಬಿಸಿ ಇನ್ನೂ ಬೀಜದಲ್ಲಿರುವಾಗಲೇ ನೇರವಾಗಿ ಟಾರ್ಪಾಲ್ ಎಳೆದರೆ ಅದರ ಒಳಮೈ ಬೆವರಿ, ಆ ನೀರು ರಾತ್ರಿಯೆಲ್ಲ ಬೀಜದ ಮೇಲೆಯೇ ತೊಟ್ಟಿಕ್ಕುತ್ತದೆ. ಮಂಜು ಇಳಿಯುವ ಮೊದಲೇ ರಾಶಿ ಮಾಡಿ, ಸ್ವಲ್ಪ ಆರಲು ಬಿಟ್ಟು, ಮೊದಲು ಒಣ ಗೋಣಿಯನ್ನೋ ಹತ್ತಿಬಟ್ಟೆಯನ್ನೋ ಹೊದಿಸಿ ಅದರ ಮೇಲೆ ಟಾರ್ಪಾಲ್ ಹಾಕಿ. ಬೆಳಗ್ಗೆ ಹುಲ್ಲಿನ ಮೇಲಿನ ಇಬ್ಬನಿ ಆರುವವರೆಗೆ ತೆಗೆಯಬೇಡಿ.

ಕಳಸದ ಬೆಳೆಗಾರ:

ಅರ್ಧ ಒಣಗಿದ ಮೇಲೆ ಪಾರ್ಚ್‌ಮೆಂಟನ್ನು ಕೆಳಗಿನ ಬಯಲುಸೀಮೆಗೆ ಒಯ್ದು ಒಣಗಿಸುವವರೂ ಇದ್ದಾರೆ. ಗಿರಿತಪ್ಪಲು ಅವರಿಗೆ ಕಡೂರಿನ ಕಡೆ ನೆಂಟರಿದ್ದರೆ ಅದೂ ಆಗುತ್ತದೆ. ಮೇಲ್ಮೈಯ ನೀರು ಪೂರ್ತಿ ಆರದೆ ಚೀಲ ಕಟ್ಟಬಾರದು, ಗಾಡಿಯಿಂದ ಇಳಿಸಿದ ತಕ್ಷಣ ಹರವಬೇಕು. ಆರುನೂರು ಕೆಜಿ ಹಣ್ಣಿನ ಲೆಕ್ಕ ನೋಡಿದ ಮೇಲೆ ಈ ಸಲ ನಮ್ಮ ಮೇಲಿನ ತಾಕಿನಲ್ಲಿ ನಾನೂ ಒಂದು ದಿನ ಬೇರೆ ಕೊಯ್ಲು ಮಾಡಿಸುವ ಯೋಚನೆಯಲ್ಲಿದ್ದೇನೆ.

ಗಿರಿತಪ್ಪಲು:

ಎಲ್ಲರಿಗೂ ಕೃತಜ್ಞತೆಗಳು. ಈ ಬರಹಗಳನ್ನೆಲ್ಲ ತಂದೆಯವರಿಗೆ ಓದಿ ಹೇಳಿದೆ. ಪೂಲ್ ಕಾಲದ ಮಾತು ಬಂದಾಗ ಅವರು ಬಹಳ ಹೊತ್ತು ಆ ದಿನಗಳ ವಿಷಯವನ್ನೇ ಹೇಳಿದರು. ಕೊನೆಗೆ ಸೆಲೆಕ್ಷನ್ 9ರ ಪಟ್ಟಿಯನ್ನು ನನಗೆ ಬಿಟ್ಟುಕೊಡಲು ಒಪ್ಪಿದ್ದಾರೆ. ತೊಳೆದ ಕಾಫಿಯನ್ನೇ ಮಾಡುತ್ತೇವೆ. ಎರಡು ಸಂದೇಹ ಉಳಿದಿವೆ. ತೊಳೆದ ನೀರನ್ನು ಏನು ಮಾಡಬೇಕು? ಒಣಗಿದ ಮೇಲೆ ಇಷ್ಟು ಸಣ್ಣ ಲಾಟನ್ನು ಕ್ಯೂರಿಂಗ್‌ಗೆ (ಒಳಸಿಪ್ಪೆ ತೆಗೆದು ವಿಂಗಡಿಸಲು) ಯಾರು ತೆಗೆದುಕೊಳ್ಳುತ್ತಾರೆ? ಪೇಟೆಯ ಒಂದು ಕಡೆ ವಿಚಾರಿಸಿದಾಗ ಇಷ್ಟು ಕಡಿಮೆಗೆ ಯಂತ್ರ ಓಡಿಸುವುದಿಲ್ಲವೆಂದು ಹೇಳಿ ಕಳಿಸಿದರು.

ಸೋಮವಾರಪೇಟೆ ಬೆಳೆಗಾರ್ತಿ:

ನೀರಿನ ಪ್ರಶ್ನೆ ಕೇಳಿದ್ದಕ್ಕೆ ಸಂತೋಷವಾಯಿತು. ಪಲ್ಪರಿನ ನೀರಿನಲ್ಲಿ ಸಕ್ಕರೆ ಮತ್ತು ಲೋಳೆ ತುಂಬಿರುತ್ತವೆ. ಹಳ್ಳಕ್ಕೆ ಬಿಟ್ಟರೆ ಅವು ಕೊಳೆಯುವಾಗ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಎಳೆದುಕೊಂಡು ಮೀನನ್ನೂ ಉಳಿದ ಜೀವಿಗಳನ್ನೂ ಸಾಯಿಸುತ್ತವೆ. ನಿಮ್ಮ ಪೂರ್ವದ ಇಳಿಜಾರಿನಲ್ಲಿ ಹುಟ್ಟುವ ಹಳ್ಳಗಳೇ ಮುಂದೆ ವೇದಾವತಿಯಾಗಿ ಬಯಲುಸೀಮೆಗೆ ಹೋಗುತ್ತವೆ, ಅದನ್ನು ಕುಡಿಯುವ ಊರುಗಳಿವೆ. ಪಲ್ಪಿಂಗ್‌ನ ನೀರನ್ನು ಅದೇ ದಿನ ಮತ್ತೆ ಮತ್ತೆ ಬಳಸಿ, ತೊಳೆಯಲು ಮಾತ್ರ ಹೊಸ ನೀರು ತೆಗೆದುಕೊಳ್ಳಿ. ಉಳಿದದ್ದನ್ನು ಹಳ್ಳದಿಂದ ದೂರದ ಗುಂಡಿಯಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ಇಳಿಸಿದ ಮೇಲೆಯೇ ತೋಟಕ್ಕೆ ಬಿಡಿ. ಸಿಪ್ಪೆಯನ್ನು ಸಗಣಿಯ ಜೊತೆ ಗೊಬ್ಬರಗುಂಡಿಗೆ ಹಾಕಿದರೆ ಮುಂದಿನ ವರ್ಷ ಗಿಡಕ್ಕೇ ಬರುತ್ತದೆ.

ಪಲ್ಪರ್‌ಮನೆ:

ಕ್ಯೂರಿಂಗ್ ಬಗ್ಗೆ: ದೊಡ್ಡ ಯಂತ್ರಗಳಿಗೆ ನಿಮ್ಮ ಲಾಟು ನಿಜಕ್ಕೂ ಸಾಲುವುದಿಲ್ಲ. ಹಾಕಿದರೂ ಹಿಂದಿನವರ ಕಾಫಿಯ ಶೇಷ ನಿಮ್ಮದರಲ್ಲಿ ಬೆರೆಯುವ ಭಯವಿದೆ. ಚಿಕ್ಕ ಹಲ್ಲರ್ (ಸಿಪ್ಪೆ ತೆಗೆಯುವ ಯಂತ್ರ) ಇಟ್ಟುಕೊಂಡಿರುವ ಬೆಳೆಗಾರರು, ಹುರಿಯುವವರು ಈಗ ಜಿಲ್ಲೆಯಲ್ಲೇ ಸಿಗುತ್ತಾರೆ. ನಾಲ್ಕೈದು ಸಣ್ಣ ತೋಟದವರು ಸೇರಿ ಒಂದನ್ನು ಕೊಳ್ಳುವುದು ಇನ್ನೂ ಒಳ್ಳೆಯದು. ಸಿಪ್ಪೆ ತೆಗೆಸಲು ಅವಸರ ಪಡಬೇಡಿ. ತೇವಾಂಶ ಮಾಪಕದಲ್ಲಿ ಶೇಕಡಾ ಹತ್ತರಿಂದ ಹತ್ತೂವರೆ ಬಂದ ಮೇಲೆ ಗಾಳಿಯಾಡದ ಒಳಚೀಲವಿರುವ ಗೋಣಿಯಲ್ಲಿ ತುಂಬಿ, ಮರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಒಂದು ತಿಂಗಳಾದರೂ ಪಾರ್ಚ್‌ಮೆಂಟಿನಲ್ಲೇ ಇಡಿ. ಆ ಕೋಣೆಯಲ್ಲಿ ಏಲಕ್ಕಿ, ಮೆಣಸು, ಗೊಬ್ಬರ, ಔಷಧಿ ಯಾವುದೂ ಇರಬಾರದು, ಕಾಫಿ ಎಲ್ಲ ವಾಸನೆಯನ್ನೂ ಹೀರಿಕೊಳ್ಳುತ್ತದೆ. ಮೇ ತಿಂಗಳು ಮುಗಿಯುವುದರೊಳಗೆ ಗಿರಿಯಿಂದ ಕೆಳಗಿಳಿಸಿಬಿಡಿ. ಮುಂಗಾರಿನ ತೇವ ತಾಗಿದರೆ ಬೀಜ ಉಬ್ಬಿ ಬಿಳಿಚಿಕೊಳ್ಳುತ್ತದೆ. ಕರಾವಳಿಯಲ್ಲಿ ಮಾನ್ಸೂನ್ಡ್ ಮಲಬಾರ್ ಕಾಫಿಗೆಂದು ಬೇಕೆಂದೇ ಹಾಗೆ ಮಾಡುತ್ತಾರೆ. ಆ ಕಾಫಿಗೆ ಹುಳಿಯೇ ಇರುವುದಿಲ್ಲ, ನೀವು ಎತ್ತರದಿಂದ ಪಡೆದದ್ದು ಆ ಹುಳಿಯನ್ನೇ.

ಮಾದರಿಯನ್ನು ಬೆಂಗಳೂರಿನ ಕಾಫಿ ಮಂಡಳಿಯ ಗುಣಮಟ್ಟ ಪ್ರಯೋಗಾಲಯಕ್ಕೂ, ಹುರಿಮನೆಯವರಂಥ ಒಬ್ಬರಿಗೂ ಒಟ್ಟಿಗೆ ಕಳಿಸಿ. ಅಷ್ಟೇ ತೂಕದ್ದನ್ನು ಕೊಯ್ಲಿನ ದಿನ, ತಾಕು, ಹುಳಿಸಿದ ಗಂಟೆ, ಒಣಗಿದ ದಿನಗಳನ್ನು ಬರೆದು ನಿಮ್ಮಲ್ಲೂ ಇಟ್ಟುಕೊಳ್ಳಿ. ಅಂಕ ಎಂಬತ್ತನ್ನು ಮುಟ್ಟದಿದ್ದರೆ ಆ ಚೀಟಿಯಿಂದಲೇ ಎಲ್ಲಿ ಕೈತಪ್ಪಿತೆಂದು ಹುಡುಕಬಹುದು.

ಕೊನೆಯದಾಗಿ ಒಂದು ವಿಷಯ. ಮಳೆಗೆ ಮುಂಚೆ ಮರಗಸಿ (ನೆರಳುಮರಗಳ ಕೊಂಬೆ ಕಡಿಯುವ ಕೆಲಸ) ಮಾಡಿಸುವಾಗ ಸೆಲೆಕ್ಷನ್ 9ರ ಪಟ್ಟಿಯ ಪಶ್ಚಿಮ ಬದಿಯ ಕೊಂಬೆಗಳನ್ನು ಹೆಚ್ಚು ಕಡಿಸಬೇಡಿ. ನೇರ ಬಿಸಿಲು ಬಿದ್ದ ಕಾಂಡದ ಮೇಲೆಯೇ ಬೋರರ್ ದುಂಬಿ ಹೆಚ್ಚಾಗಿ ಮೊಟ್ಟೆಯಿಡುತ್ತದೆ, ಹಣ್ಣೂ ಅವಸರದಲ್ಲಿ ಕೆಂಪಾಗುತ್ತದೆ. ಅಕ್ಟೋಬರ್‌ನಲ್ಲಿ ದುಂಬಿ ಮತ್ತೆ ಹಾರಾಡಲು ಶುರುವಾಗುವ ಮುಂಚೆ ಕಾಂಡದ ಸಡಿಲ ತೊಗಟೆಯನ್ನು ಒರಟು ಬಟ್ಟೆಯಿಂದ ಉಜ್ಜಿ ತೆಗೆಸಿ. ಕೊಯ್ಲಿಗೆ ಕರೆಯಬೇಕೆಂದಿರುವ ಜನರನ್ನೇ ಆ ಕೆಲಸಕ್ಕೂ ಕರೆಯಿರಿ, ಗಿಡಗಳ ಪರಿಚಯ ಅವರಿಗೆ ಆಗಲೇ ಆಗಿರುತ್ತದೆ.